ನಡುವೆ ನಿಂತವನಿಗೆ ಏನೇನು ಕಾಣುತ್ತದೆ?

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು ಏರ್‌ಟೆಲ್‌ನ 3ಜಿ ಸಂಪರ್ಕದಲ್ಲಿ ಒಂದು ಜಾಲಪುಟ ತೆರೆದು, ಅದರ ಮೂಲ ಕೋಡಿನ ಮೇಲೆ ಕಣ್ಣಾಡಿಸಿದರು. ಪುಟ ಬರೆದವರು ಹಾಕಿರದ ಜಾವಾಸ್ಕ್ರಿಪ್ಟ್ ತುಣುಕೊಂದು ಅಲ್ಲಿ ಬಂದು ಕೂತಿತ್ತು. ಸರ್ವರ್‌ನಿಂದ ಹೊರಟ ಪುಟ ಓದುಗರ ಕೈ ಸೇರುವ ಮೊದಲು, ದಾರಿಯಲ್ಲಿ ಯಾರೋ ಅದನ್ನು ತೆರೆದು, ಸೇರಿಸಿ, ಮುಂದೆ ಕಳಿಸಿದ್ದರು. ತಂತ್ರಜ್ಞರು ಈ ಪುರಾವೆಯನ್ನು ಗಿಟ್‌ಹಬ್‌ನಲ್ಲಿ ಪ್ರಕಟಿಸಿದರು. ಅದಕ್ಕೆ ಪ್ರತಿಯಾಗಿ ಆ ತುಣುಕಿನ ಹಿಂದಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ಪರವಾಗಿ ಅವರಿಗೇ ವಕೀಲರ ನೋಟಿಸು ಬಂತು. ಗ್ರಾಹಕರಿಗೆ ತಾವು ಬಳಸಿದ ಡೇಟಾ ಎಷ್ಟೆಂದು ತಿಳಿಸುವ ಪ್ರಯೋಗವಷ್ಟೇ ಇದು ಎಂದು ಏರ್‌ಟೆಲ್ ಸಮಜಾಯಿಷಿ ಕೊಟ್ಟಿತು.

ಅದು ಕರೆಯದೆ ಬಂದ ಮಧ್ಯವರ್ತಿಯ ಕಥೆ. ಪ್ರಾಕ್ಸಿ ಎಂದರೆ ನಾವೇ ಕರೆದು ಕೂರಿಸಿಕೊಂಡ ಮಧ್ಯವರ್ತಿ. ನಮ್ಮ ಬ್ರೌಸರ್ ನೇರವಾಗಿ ಜಾಲತಾಣದ ಬಾಗಿಲಿಗೆ ಹೋಗುವುದಿಲ್ಲ. ಪ್ರಾಕ್ಸಿಗೆ ಹೇಳುತ್ತದೆ, ಪ್ರಾಕ್ಸಿ ಹೋಗಿ ತರುತ್ತದೆ. ಜಾಲತಾಣಕ್ಕೆ ಕಾಣುವುದು ಪ್ರಾಕ್ಸಿಯ ಐಪಿ ವಿಳಾಸ, ನಮ್ಮದಲ್ಲ. ಕಚೇರಿಯ ನೆಟ್‌ವರ್ಕಿನಲ್ಲಿ ಕೆಲಸ ಮಾಡುವವರಿಂದ ಹಿಡಿದು ಸಾವಿರಾರು ಪುಟಗಳಿಂದ ಮಾಹಿತಿ ಬಾಚಿಕೊಳ್ಳುವ, ಅಂದರೆ ಸ್ಕ್ರೇಪಿಂಗ್ ಮಾಡುವ ಪ್ರೋಗ್ರಾಮರ್‌ಗಳವರೆಗೆ ಇದರ ಬಳಕೆದಾರರು ಹಲವು ಬಗೆ. ಬಹುಪಾಲು ಜನ ಕೇಳುವ ಪ್ರಶ್ನೆ ಮಾತ್ರ ಒಂದೇ: ಯಾವುದು ಬೇಗ ಓಡುತ್ತದೆ, ಯಾವುದು ಪುಕ್ಕಟೆ? ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ನಡುವೆ ನಿಂತವನಿಗೆ ನಮ್ಮ ವ್ಯವಹಾರದಲ್ಲಿ ಏನೇನು ಕಾಣುತ್ತದೆ? ಅವನು ತೋರಿಸುತ್ತಿರುವ ವಿಳಾಸ ನಿಜಕ್ಕೂ ಯಾರದು? ಪ್ರಾಕ್ಸಿ ಪ್ರೋಟೊಕಾಲ್‌ಗಳ ನಡುವಿನ ವ್ಯತ್ಯಾಸ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಯಾವ ಪ್ರೋಟೊಕಾಲ್‌ನಲ್ಲೂ ಉತ್ತರವಿಲ್ಲ.

ವೆಬ್ ಪ್ರಾಕ್ಸಿಯ ಹುಟ್ಟು ವೆಬ್ ಹುಟ್ಟಿದ ಸರ್ನ್ ಪ್ರಯೋಗಾಲಯದಲ್ಲೇ. ಆರಿ ಲುಓಟೊನೆನ್ ಮತ್ತು ಕೆವಿನ್ ಆಲ್ಟಿಸ್ 1994ರಲ್ಲಿ ಜಿನೀವಾದ ಮೊದಲ ವೆಬ್ ಸಮ್ಮೇಳನದಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದರು. ಆಗ ಗುರುತು ಮರೆಸುವ ಮಾತೇ ಇರಲಿಲ್ಲ. ಫೈರ್‌ವಾಲ್ ಒಳಗಿದ್ದವರಿಗೆ ಹೊರಗಿನ ವೆಬ್ ಸಿಗಬೇಕು, ಒಬ್ಬರು ನೋಡಿದ ಪುಟವನ್ನು ಉಳಿಸಿಟ್ಟು ಮತ್ತೊಬ್ಬರಿಗೂ ಕೊಡಬೇಕು, ಇಷ್ಟೇ ಉದ್ದೇಶ. 1996ರಲ್ಲಿ ಬಂದ ಸ್ಕ್ವಿಡ್ ಎಂಬ ತಂತ್ರಾಂಶ ಈ ಕೆಲಸವನ್ನು ಜಗತ್ತಿನ ಕಾಲೇಜು, ಕಚೇರಿಗಳಿಗೆಲ್ಲ ತಲುಪಿಸಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಬ್ರೌಸರ್ ಸೆಟ್ಟಿಂಗ್ಸ್ ತೆರೆದು ಪೋರ್ಟ್ ಜಾಗದಲ್ಲಿ 3128 ಎಂದು ಟೈಪ್ ಮಾಡಿದ ನೆನಪಿರುವವರು ಬಳಸಿದ್ದು ಬಹುಮಟ್ಟಿಗೆ ಸ್ಕ್ವಿಡ್ ಅನ್ನೇ.

ಈ ಎಚ್‌ಟಿಟಿಪಿ ಪ್ರಾಕ್ಸಿ ಹೇಗೆ ಮಾತನಾಡುತ್ತದೆ? ಪ್ರಾಕ್ಸಿ ಇಲ್ಲದಿದ್ದರೆ ಬ್ರೌಸರ್ ನೇರವಾಗಿ ಸರ್ವರ್‌ಗೆ ‘ಗೆಟ್’ ಎಂದು ಹೇಳಿ, ಯಾವ ಪುಟ ಬೇಕೋ ಅದರ ದಾರಿಯನ್ನಷ್ಟೇ ಕೊಡುತ್ತದೆ. ಪ್ರಾಕ್ಸಿ ಇದ್ದಾಗ ‘ಗೆಟ್’ ಜೊತೆಗೆ ಜಾಲತಾಣದ ಹೆಸರೂ ಸೇರಿದ ಪೂರ್ತಿ ವಿಳಾಸ ಹೋಗುತ್ತದೆ. ಪ್ರಾಕ್ಸಿ ಆ ಸಾಲನ್ನು ಓದಿ, ತಾನೇ ಹೋಗಿ ಪುಟ ತಂದು, ನಮ್ಮ ಕೈಗಿಡುತ್ತದೆ. ಹೀಗಾಗಿ ನಾವು ಏನು ಕೇಳಿದೆವು, ಯಾವ ಫಾರಂನಲ್ಲಿ ಏನು ತುಂಬಿದೆವು, ಏನು ಉತ್ತರ ಬಂತು ಎಂಬುದೆಲ್ಲ ಅದಕ್ಕೆ ಗೊತ್ತು. ಬೇಕಾದರೆ ಉತ್ತರವನ್ನು ತಿದ್ದಲೂಬಹುದು. 2015ರ ಪ್ರಸಂಗದಲ್ಲಿ ಆ ತುಣುಕು ನುಸುಳಲು ಸಾಧ್ಯವಾದದ್ದು ಪುಟ ಎನ್‌ಕ್ರಿಪ್ಟ್ ಆಗದೆ ತೆರೆದ ಅಂಚೆ ಕಾರ್ಡಿನ ಹಾಗೆ ಬರುತ್ತಿದ್ದುದರಿಂದ. ಇನ್ನೊಂದು ಸಂಗತಿಯನ್ನು ಉಚಿತ ಪ್ರಾಕ್ಸಿ ಪಟ್ಟಿಗಳ ಮೊರೆ ಹೋಗುವವರು ಗಮನಿಸುವುದೇ ಇಲ್ಲ. ಎನ್‌ಕ್ರಿಪ್ಟ್ ಆಗದ ಕೋರಿಕೆಗೆ ಪ್ರಾಕ್ಸಿಯು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಒಂದು ಸಾಲು ಸೇರಿಸಿ ನಮ್ಮ ಅಸಲಿ ಐಪಿ ವಿಳಾಸವನ್ನು ಜಾಲತಾಣಕ್ಕೆ ತಾನೇ ಹೇಳಿಬಿಡಬಹುದು. ಹೇಳಬಾರದೆಂದು ಅದನ್ನು ನಡೆಸುವವನು ನಿರ್ಧರಿಸಿದ್ದರೆ ಮಾತ್ರ ನಾವು ಮರೆಯಲ್ಲಿರುತ್ತೇವೆ.

ಎಚ್‌ಟಿಟಿಪಿಎಸ್ ಬಂದ ಮೇಲೆ ಇದೇ ಪ್ರಾಕ್ಸಿ ಬೇರೊಂದು ಮಾತು ಕಲಿತುಕೊಂಡಿತು. ಬ್ರೌಸರ್ ಈಗ ‘ಗೆಟ್’ ಅನ್ನುವುದಿಲ್ಲ, ‘ಕನೆಕ್ಟ್’ ಅನ್ನುತ್ತದೆ: ಈ ಹೆಸರಿನ ಸರ್ವರ್‌ನ 443ನೇ ಪೋರ್ಟಿಗೆ ನನ್ನನ್ನು ಜೋಡಿಸು. ಪ್ರಾಕ್ಸಿ ಜೋಡಿಸಿ, 200 ಎಂಬ ಸಂಖ್ಯೆಯಿಂದ ‘ಆಯಿತು’ ಎಂದು ತಿಳಿಸುತ್ತದೆ. ಅಲ್ಲಿಂದ ಮುಂದೆ ಅದರ ಕೆಲಸ ಈ ಕಡೆಯ ಬೈಟುಗಳನ್ನು ಆ ಕಡೆಗೂ ಆ ಕಡೆಯವನ್ನು ಈ ಕಡೆಗೂ ದಾಟಿಸುವುದು ಮಾತ್ರ. ಒಳಗಿನ ಮಾತು ಎನ್‌ಕ್ರಿಪ್ಟ್ ಆಗಿರುವುದರಿಂದ ಪ್ರಾಕ್ಸಿಗೆ ಅದು ತಿಳಿಯದು. ಯಾವ ಜಾಲತಾಣಕ್ಕೆ ಹೋದೆವು, ಎಷ್ಟು ಹೊತ್ತು ಇದ್ದೆವು, ಎಷ್ಟು ಡೇಟಾ ಹರಿಯಿತು ಎಂಬುದು ತಿಳಿಯುತ್ತದೆ. ಯಾವ ಪುಟ ಓದಿದೆವು ಎಂಬುದು ತಿಳಿಯುವುದಿಲ್ಲ. ಇಷ್ಟು ಗೊತ್ತಿದ್ದರೆ ‘ಎಚ್‌ಟಿಟಿಪಿಎಸ್ ಪ್ರಾಕ್ಸಿ’ ಎಂದು ಮಾರುವವರನ್ನು ಸರಿಯಾದ ಪ್ರಶ್ನೆ ಕೇಳಬಹುದು. ಬರೀ ‘ಕನೆಕ್ಟ್’ ಒಪ್ಪುವ ಪ್ರಾಕ್ಸಿಯನ್ನೂ ಆ ಹೆಸರಿನಿಂದ ಮಾರುತ್ತಾರೆ, ನಮ್ಮಿಂದ ಪ್ರಾಕ್ಸಿಯವರೆಗಿನ ದಾರಿಯೂ ಎನ್‌ಕ್ರಿಪ್ಟ್ ಆಗಿರುವ ಪ್ರಾಕ್ಸಿಯನ್ನೂ ಅದೇ ಹೆಸರಿನಿಂದ ಮಾರುತ್ತಾರೆ. ಮೊದಲನೆಯದರಲ್ಲಿ ನಾವು ಪ್ರಾಕ್ಸಿಗೆ ಹೇಳುವ ಜಾಲತಾಣದ ಹೆಸರು, ಅದಕ್ಕೆ ಕೊಡುವ ಪಾಸ್‌ವರ್ಡ್ ಎಲ್ಲವೂ ದಾರಿಯಲ್ಲಿರುವ ವೈಫೈ ಯಜಮಾನನಿಗೆ ಓದಲು ಸಿಗುತ್ತವೆ.

ಸಾಕ್ಸ್ ಎಂಬ ಪ್ರೋಟೊಕಾಲ್ ಇದಕ್ಕಿಂತ ಸ್ವಲ್ಪ ಹಳೆಯದು. ಮಿಪ್ಸ್ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿದ್ದ ಡೇವಿಡ್ ಕೊಬ್ಲಾಸ್ ಇದರ ಮೂಲ ಕರ್ತೃ. 1992ರ ಯೂಸೆನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಇದು ಹೊರಗಿನವರಿಗೆ ಪರಿಚಯವಾಯಿತು. ಇಂದು ಬಳಕೆಯಲ್ಲಿರುವ ಐದನೆಯ ಆವೃತ್ತಿ ಆರ್‌ಎಫ್‌ಸಿ 1928 ಎಂಬ ದಾಖಲೆಯಾಗಿ 1996ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಸಾಕ್ಸ್‌ಗೆ ವೆಬ್ ಎಂದರೇನೆಂದೇ ಗೊತ್ತಿಲ್ಲ. ಅದಕ್ಕೆ ಇಮೇಲ್ ಆದರೂ ಒಂದೇ, ಫೈಲ್ ವರ್ಗಾವಣೆ ಆದರೂ ಒಂದೇ. ಅದರ ಮಾತು ಎಷ್ಟು ಚುಟುಕು ಎಂಬುದನ್ನು ಹತ್ತಿರದಿಂದ ನೋಡುವುದು ಚೆಂದ. ಕನ್ನಡ ವಿಕಿಪೀಡಿಯ ತೆರೆಯಬೇಕೆಂದುಕೊಳ್ಳೋಣ. ಬ್ರೌಸರ್ ಮೊದಲು ಮೂರು ಬೈಟ್ ಕಳಿಸುತ್ತದೆ: 5, 1, 0. ನನ್ನದು ಐದನೇ ಆವೃತ್ತಿ, ಗುರುತು ಹೇಳಿಕೊಳ್ಳಲು ನನಗೆ ಗೊತ್ತಿರುವುದು ಒಂದೇ ವಿಧಾನ, ಅದು ಸೊನ್ನೆ, ಅಂದರೆ ಪಾಸ್‌ವರ್ಡ್ ಇಲ್ಲ. ಪ್ರಾಕ್ಸಿ 5, 0 ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಬ್ರೌಸರ್ 23 ಬೈಟುಗಳ ಕೋರಿಕೆ ಇಡುತ್ತದೆ. 5 ಆವೃತ್ತಿ. 1 ಎಂದರೆ ಜೋಡಿಸು. 0 ಖಾಲಿ ಬಿಟ್ಟ ಜಾಗ. 3 ಎಂದರೆ ಮುಂದೆ ಬರುವುದು ಹೆಸರು, ಸಂಖ್ಯೆಯಲ್ಲ. 16 ಆ ಹೆಸರಿನ ಉದ್ದ. ಕನ್ನಡ ವಿಕಿಪೀಡಿಯದ ಜಾಲ ವಿಳಾಸದಲ್ಲಿ ಚುಕ್ಕಿಗಳೂ ಸೇರಿ ಇಂಗ್ಲಿಷಿನ 16 ಅಕ್ಷರಗಳಿವೆ, ಅವು ಸಾಲಾಗಿ ಬರುತ್ತವೆ. ಕೊನೆಯ ಎರಡು ಬೈಟ್ 1 ಮತ್ತು 187. ಒಂದನ್ನು 256ರಿಂದ ಗುಣಿಸಿ 187 ಕೂಡಿಸಿದರೆ 443. ಇಷ್ಟೇ ಮಾತುಕತೆ. ಮೂವತ್ತು ವರ್ಷ ಹಳೆಯ ಈ ಮಿತವ್ಯಯ ನನಗೆ ಇವತ್ತಿಗೂ ಮೆಚ್ಚುಗೆಯದು.

ಮೆಚ್ಚುಗೆ ಬೇರೆ, ಭರವಸೆ ಬೇರೆ. ಸಾಕ್ಸ್5 ‘ಹೆಚ್ಚು ಸುರಕ್ಷಿತ’ ಎಂಬ ಮಾತು ಜಾಹೀರಾತುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಈ ಪ್ರೋಟೊಕಾಲ್ ತಾನಾಗಿ ಒಂದು ಬೈಟನ್ನೂ ಎನ್‌ಕ್ರಿಪ್ಟ್ ಮಾಡುವುದಿಲ್ಲ. ಅದಕ್ಕೆ ಕೊಡುವ ಬಳಕೆದಾರ ಹೆಸರು, ಪಾಸ್‌ವರ್ಡ್ ಕೂಡ ಇದ್ದ ಹಾಗೇ ತೆರೆದೇ ಹೋಗುತ್ತವೆ. ಮೇಲಿನ ಕೋರಿಕೆಯಲ್ಲಿ 3 ಎಂಬ ಬೈಟ್ ಇತ್ತಲ್ಲ, ಅದರ ಜಾಗದಲ್ಲಿ 1 ಬಂದರೆ ಇನ್ನೊಂದು ತೊಂದರೆ. 1 ಎಂದರೆ ಮುಂದೆ ಬರುವುದು ಹೆಸರಲ್ಲ, ಐಪಿ ಸಂಖ್ಯೆ. ಆ ಸಂಖ್ಯೆಯನ್ನು ನಮ್ಮ ಕಂಪ್ಯೂಟರ್ ಮೊದಲೇ, ಹೆಸರಿಗೆ ಸಂಖ್ಯೆ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಅನ್ನು ಕೇಳಿ ತಿಳಿದುಕೊಂಡಿರಬೇಕು. ಅಲ್ಲಿಗೆ ನಾವು ಯಾವ ತಾಣಕ್ಕೆ ಹೊರಟಿದ್ದೇವೆ ಎಂಬ ಸುದ್ದಿ ಇಂಟರ್ನೆಟ್ ಕೊಟ್ಟ ಕಂಪನಿಗೆ ಪ್ರಾಕ್ಸಿಗಿಂತ ಮೊದಲೇ ಮುಟ್ಟಿತು. ಕರ್ಲ್ ಎಂಬ ಸಾಧನ ಬಳಸುವ ಪ್ರೋಗ್ರಾಮರ್‌ಗಳಿಗೆ ಇದು ಒಂದೇ ಅಕ್ಷರದ ವ್ಯತ್ಯಾಸ. ಪ್ರಾಕ್ಸಿಯ ವಿಳಾಸವನ್ನು ‘ಸಾಕ್ಸ್5’ ಎಂದು ಶುರು ಮಾಡಿದರೆ ಹೆಸರನ್ನು ಹುಡುಕುವುದು ನಮ್ಮ ಯಂತ್ರ, ‘ಸಾಕ್ಸ್5ಎಚ್’ ಎಂದರೆ ಪ್ರಾಕ್ಸಿ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಇದೇ ಕೆಲಸಕ್ಕೆ ಒಂದು ಟಿಕ್ ಗುರುತಿದೆ. ಕ್ರೋಮ್ ಬ್ರೌಸರ್ ಸಾಕ್ಸ್5 ಬಳಸುವಾಗ ಹೆಸರನ್ನೇ ಪ್ರಾಕ್ಸಿಗೆ ಕೊಡುತ್ತದೆ, ಆದರೆ ಸಾಕ್ಸ್‌ನ ಪಾಸ್‌ವರ್ಡ್ ಕೇಳುವ ಪದ್ಧತಿಯನ್ನು ಬೆಂಬಲಿಸುವುದಿಲ್ಲ. ಹಣ ಕೊಟ್ಟು ಪ್ರಾಕ್ಸಿ ಕೊಂಡವರು ಕ್ರೋಮ್‌ನಲ್ಲಿ ಅದು ಏಕೆ ನಡೆಯುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ಹಲವು ಸಲ ಈ ಕಾರಣಕ್ಕೇ.

ಸಾಕ್ಸ್‌ನ ಒಳ್ಳೆಯ ಬಳಕೆಯೊಂದನ್ನು ಹೇಳಲೇಬೇಕು. ಭಾರತದ ಕೆಲವು ಸರ್ಕಾರಿ ಜಾಲತಾಣಗಳು ಹೊರದೇಶದ ಐಪಿ ವಿಳಾಸಗಳಿಗೆ ತೆರೆದುಕೊಳ್ಳುವುದಿಲ್ಲ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಕನ್ನಡಿಗರು ಊರಿನ ಕಾಗದಪತ್ರದ ಕೆಲಸಕ್ಕೆ ಕೂತಾಗ ಇದು ಕಾಡುತ್ತದೆ. ಊರಿನ ಮನೆಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಸದಾ ಚಾಲೂ ಇದ್ದರೆ, ಎಸ್‌ಎಸ್‌ಎಚ್ ಮೂಲಕ ಅದಕ್ಕೆ ಲಾಗಿನ್ ಆಗಿ ಒಂದೇ ಆಜ್ಞೆಯಿಂದ ತಮ್ಮದೇ ಸಾಕ್ಸ್ ಪ್ರಾಕ್ಸಿ ಮಾಡಿಕೊಳ್ಳಬಹುದು. ದಾರಿ ಎನ್‌ಕ್ರಿಪ್ಟ್ ಆಗಿರುತ್ತದೆ, ನಡುವೆ ನಿಂತವನು ಅಪರಿಚಿತನಲ್ಲ, ತೋರಿಸುವ ವಿಳಾಸ ಅಪ್ಪ ಅಮ್ಮನ ಮನೆಯದೇ. ಒಂದು ತೊಡಕಿದೆ: ಮನೆಯ ಸಂಪರ್ಕಕ್ಕೆ ಹೊರಗಿನಿಂದ ತಲುಪಬಹುದಾದ ಸಾರ್ವಜನಿಕ ಐಪಿ ವಿಳಾಸ ಇರಬೇಕು. ಅನೇಕ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸುವುದರಿಂದ ಕಂಪನಿಯವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು.

ಎನ್‌ಕ್ರಿಪ್ಟ್ ಆದ ಮಾತನ್ನೂ ಓದಬಲ್ಲ ಪ್ರಾಕ್ಸಿಗಳಿವೆ. ಅವನ್ನು ನಡೆಸುವವರು ನಮ್ಮ ಯಂತ್ರದಲ್ಲಿ ತಮ್ಮದೇ ಮೂಲ ಪ್ರಮಾಣಪತ್ರವನ್ನು ಸೇರಿಸಿಬಿಟ್ಟರೆ ಆಯಿತು, ಬ್ರೌಸರ್ ಪ್ರಾಕ್ಸಿಯನ್ನೇ ಅಸಲಿ ಜಾಲತಾಣವೆಂದು ನಂಬುತ್ತದೆ. ದೊಡ್ಡ ಕಚೇರಿಗಳು ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಮಾಡುವುದುಂಟು. ಕಚೇರಿಯ ಯಂತ್ರದಲ್ಲಿ ಸ್ವಂತದ ಬ್ಯಾಂಕ್ ಖಾತೆ ತೆರೆಯಬೇಡಿ ಎಂದು ನಾನು ಪರಿಚಿತರಿಗೆಲ್ಲ ಹೇಳುವುದು ಇದೇ ಕಾರಣಕ್ಕೆ. 2015ರ ಫೆಬ್ರುವರಿಯಲ್ಲಿ ಬಯಲಾದ ಲೆನೊವೊ ಪ್ರಕರಣ ಇದಕ್ಕಿಂತ ಕೆಟ್ಟದ್ದು. ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲೇ ಹಾಕಿ ಮಾರಿದ್ದರು. ಅದು ಯಂತ್ರದ ಒಳಗೇ ಪ್ರಾಕ್ಸಿಯಾಗಿ ಕೂತು ಎಚ್‌ಟಿಟಿಪಿಎಸ್ ಪುಟಗಳನ್ನು ಬಿಚ್ಚುತ್ತಿತ್ತು. ಎಲ್ಲ ಯಂತ್ರಗಳಲ್ಲೂ ಒಂದೇ ಗುಪ್ತ ಕೀಲಿ ಇದ್ದುದರಿಂದ, ಆ ಕೀಲಿ ಸಿಕ್ಕ ಯಾರು ಬೇಕಾದರೂ ಆ ಗ್ರಾಹಕರ ಮುಂದೆ ಬ್ಯಾಂಕಿನ ವೇಷ ಹಾಕಬಹುದಿತ್ತು. ನಮ್ಮಲ್ಲಿ 2ಜಿ ಕಾಲದಲ್ಲಿ ಮನೆಮಾತಾಗಿದ್ದ ಒಪೆರಾ ಮಿನಿ ಕೂಡ ಒಂದು ಬಗೆಯ ಪ್ರಾಕ್ಸಿಯೇ. ಪುಟವನ್ನು ಒಪೆರಾದ ಸರ್ವರ್ ತೆರೆದು, ಹಿಂಡಿ, ಚಿಕ್ಕದು ಮಾಡಿ ಫೋನಿಗೆ ಕಳಿಸುತ್ತಿತ್ತು. ಡೇಟಾ ಉಳಿಯಿತು ನಿಜ. ಪುಟದ ಒಳಗೆ ಏನಿದೆ ಎಂಬುದು ಆ ಸರ್ವರ್‌ಗೆ ತಿಳಿಯುತ್ತಿತ್ತು ಎಂಬುದೂ ಅಷ್ಟೇ ನಿಜ.

ಯಾವ ಒಬ್ಬ ಮಧ್ಯವರ್ತಿಗೂ ಪೂರ್ತಿ ವಿಷಯ ತಿಳಿಯದ ಹಾಗೆ ಮಾಡುವುದು ಈಚಿನ ದಾರಿ. ಟಾರ್ ಎಂಬ ಜಾಲ ಇದನ್ನು ಮೂರು ಮಧ್ಯವರ್ತಿಗಳಿಂದ ಸಾಧಿಸುತ್ತದೆ. ಮೊದಲಿನವನಿಗೆ ನಾವು ಯಾರೆಂದು ಗೊತ್ತು, ಕೊನೆಯವನಿಗೆ ಎಲ್ಲಿಗೆ ಹೊರಟೆವೆಂದು ಗೊತ್ತು, ಎರಡೂ ಯಾರಿಗೂ ಗೊತ್ತಿಲ್ಲ. ಬ್ರೌಸರ್ ಟಾರ್ ಜೊತೆ ಮಾತನಾಡುವುದು ಅದೇ ಹಳೆಯ ಸಾಕ್ಸ್5 ಭಾಷೆಯಲ್ಲಿ. ಆ್ಯಪಲ್ 2021ರಲ್ಲಿ ತಂದ ಪ್ರೈವೇಟ್ ರಿಲೇ ಎರಡು ಹಂತಗಳಲ್ಲಿ ಇದೇ ತತ್ವವನ್ನು ಅನುಸರಿಸುತ್ತದೆ. ಅದರ ಬೆನ್ನಿಗಿರುವ ಮಾಸ್ಕ್ ಎಂಬ ಹೊಸ ಪ್ರೋಟೊಕಾಲ್ ಕುಟುಂಬದ ಆರ್‌ಎಫ್‌ಸಿ 9298 ಪ್ರಕಟವಾದದ್ದು 2022ರಲ್ಲಿ. ಹಳೆಯ ‘ಕನೆಕ್ಟ್’ ದಾಟಿಸಲಾಗದ ಯುಡಿಪಿ ಸಂಚಾರವನ್ನೂ ಇದು ದಾಟಿಸುತ್ತದೆ. ಬ್ರೌಸಿಂಗ್ ಮಾಡುವ ಸಾಮಾನ್ಯ ಓದುಗರಿಗೆ ನನ್ನ ಅಭಿಪ್ರಾಯದಲ್ಲಿ ಸರಿಯಾದ ದಿಕ್ಕು ಇದೇ.

ಇನ್ನು ಸ್ಕ್ರೇಪಿಂಗ್. ಇಲ್ಲಿ ಪ್ರಾಕ್ಸಿ ಬೇಕಾಗುವುದು ಗುಟ್ಟಿಗಿಂತ ಹೆಚ್ಚಾಗಿ ಸಂಖ್ಯೆಗೆ. ಜಾಲತಾಣಗಳು ಸಂದರ್ಶಕರನ್ನು ಮೊದಲು ಅಳೆಯುವುದು ಐಪಿ ವಿಳಾಸದಿಂದ. ಕರ್ನಾಟಕದ ಕಾಲೇಜುಗಳಲ್ಲಿ ವಿಕಿಪೀಡಿಯ ಕಾರ್ಯಾಗಾರ ನಡೆಸಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಇಡೀ ಕಾಲೇಜು ಒಂದೇ ವಿಳಾಸದಿಂದ ಹೊರಬರುತ್ತದೆ, ಒಂದು ವಿಳಾಸದಿಂದ ದಿನಕ್ಕೆ 6 ಹೊಸ ಖಾತೆಗಳ ಮಿತಿ ಮುಗಿದೊಡನೆ ಏಳನೆಯ ವಿದ್ಯಾರ್ಥಿಗೆ ಬಾಗಿಲು ಮುಚ್ಚುತ್ತದೆ. ಸ್ಕ್ರೇಪಿಂಗ್ ಮಾಡುವ ಪ್ರೋಗ್ರಾಮ್ ಒಂದೇ ವಿಳಾಸದಿಂದ ಅವಸರವಾಗಿ ಪುಟಗಳನ್ನು ಎಳೆದರೆ 429 ಎಂಬ ಉತ್ತರ ಬರುತ್ತದೆ. ಕೋರಿಕೆ ಅತಿಯಾಯಿತು, ನಿಧಾನಿಸು ಎಂದು ಅದರ ಅರ್ಥ. ನಿಧಾನಿಸುವ ಬದಲು ಪ್ರತಿ ಕೋರಿಕೆಗೂ ವಿಳಾಸ ಬದಲಿಸುವುದೇ ಪ್ರಾಕ್ಸಿ ವ್ಯಾಪಾರದ ಬುನಾದಿ.

ಆ ವ್ಯಾಪಾರದಲ್ಲಿ ವಿಳಾಸಗಳಿಗೆ ದರ್ಜೆಗಳಿವೆ. ಡೇಟಾ ಸೆಂಟರ್‌ನ ವಿಳಾಸ ಅಗ್ಗ, ಏಕೆಂದರೆ ಅದು ಯಾವ ಕಂಪನಿಯದೆಂದು ಜಾಲತಾಣಕ್ಕೆ ಕ್ಷಣದಲ್ಲಿ ಗೊತ್ತಾಗುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ವಿಳಾಸ ದುಬಾರಿ, ಜಿಬಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮೊಬೈಲ್ ವಿಳಾಸ ಇನ್ನೂ ದುಬಾರಿ: ಒಂದು ವಿಳಾಸದ ಹಿಂದೆ ಬಹಳ ಜನ ಗ್ರಾಹಕರಿರುವುದರಿಂದ ಅದನ್ನು ತಡೆಯಲು ಜಾಲತಾಣಗಳು ಹಿಂಜರಿಯುತ್ತವೆ. ಇವು ಸಿಗುವುದು ಎಚ್‌ಟಿಟಿಪಿ ರೂಪದಲ್ಲಾದರೂ ಸರಿ, ಸಾಕ್ಸ್5 ರೂಪದಲ್ಲಾದರೂ ಸರಿ, ಸ್ಕ್ರೇಪಿಂಗ್ ಮಟ್ಟಿಗೆ ದೊಡ್ಡ ವ್ಯತ್ಯಾಸವಿಲ್ಲ. ಬ್ರೌಸರ್‌ನ ಬದಲು ಪೈಥಾನ್ ಪ್ರೋಗ್ರಾಮ್ ಬಂದಿದೆ ಎಂಬುದು ಎನ್‌ಕ್ರಿಪ್ಷನ್ ಶುರುವಾಗುವಾಗಿನ ಮೊದಲ ಕೈಕುಲುಕಿನ ರೀತಿಯಿಂದಲೇ ತಿಳಿದುಬಿಡುತ್ತದೆ, ಬೈಟುಗಳನ್ನು ಬರೀ ದಾಟಿಸುವ ಯಾವ ಪ್ರಾಕ್ಸಿಯೂ ಅದನ್ನು ಮರೆಸುವುದಿಲ್ಲ.

ಮನೆಯ ವಿಳಾಸ ಮಾರಾಟಕ್ಕಿದೆ ಎಂದರೆ ಅದು ಯಾರದೋ ಮನೆ. ಕೆಲವರು ತಿಳಿದು, ಹಣ ಪಡೆದು ಕೊಡುತ್ತಾರೆ. ಕೆಲವರು ಉಚಿತ ಆ್ಯಪ್ ಹಾಕಿಕೊಳ್ಳುವಾಗ ಓದದೆ ಒಪ್ಪಿಗೆ ಒತ್ತಿರುತ್ತಾರೆ. ಇನ್ನು ಎಷ್ಟೋ ಜನರಿಗೆ ಸುಳಿವೇ ಇರುವುದಿಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಮುರಿದುಹಾಕಿದ 911 ಎಸ್5 ಎಂಬ ಜಾಲದಲ್ಲಿ 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳಿದ್ದವು. ಹೆಸರಿನ ಕೊನೆಯ ಎಸ್5 ಸೂಚಿಸುವುದು ಸಾಕ್ಸ್5 ಅನ್ನೇ. ಉಚಿತ ವಿಪಿಎನ್ ಎಂದು ಜನ ಹಾಕಿಕೊಂಡ ತಂತ್ರಾಂಶ ಅವರ ವಿಂಡೋಸ್ ಕಂಪ್ಯೂಟರನ್ನು ಬಾಡಿಗೆಯ ಪ್ರಾಕ್ಸಿ ಮಾಡಿತ್ತು. ಅದೇ ವಿಳಾಸಗಳ ಮರೆಯಲ್ಲಿ ಕೋವಿಡ್ ಪರಿಹಾರ ಯೋಜನೆಗಳಿಗೆ ಸುಳ್ಳು ಅರ್ಜಿ ಹಾಕಿ ಮಾಡಿದ ವಂಚನೆಯ ಮೊತ್ತ 590 ಕೋಟಿ ಡಾಲರ್ ದಾಟಿತ್ತು ಎಂದು ಇಲಾಖೆ ಹೇಳಿತು. ಮರು ವರ್ಷ ಬಯಲಾದ ಬ್ಯಾಡ್‌ಬಾಕ್ಸ್ 2.0 ಜಾಲದಲ್ಲಿ ಅಗ್ಗದ ಆಂಡ್ರಾಯ್ಡ್ ಟಿವಿ ಪೆಟ್ಟಿಗೆಗಳಂಥ 1 ಕೋಟಿಗೂ ಮೀರಿದ ಸಾಧನಗಳು ಸಿಕ್ಕಿಬಿದ್ದವು. ಹೀಗೆ ಬಳಕೆಯಾದ ಮನೆಯ ಬಾಗಿಲಿಗೆ ಪೊಲೀಸರು ಬಂದರೆ, ಆ ಮನೆಯವರು ತಮ್ಮ ನಿರ್ದೋಷಿತನವನ್ನು ಯಾವ ದಾಖಲೆಯಿಂದ ತೋರಿಸಬೇಕು? ಈ ಪ್ರಶ್ನೆಯನ್ನು ಪ್ರಾಕ್ಸಿ ಕೊಳ್ಳುವ ಪ್ರೋಗ್ರಾಮರ್ ತನಗೆ ಸಂಬಂಧವಿಲ್ಲವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಜಾಲತಾಣ ನಡೆಸುವವರ ಕಡೆಗೂ ನೋಡಬೇಕು. 2024ರ ಜನವರಿಯಿಂದೀಚೆಗೆ ತನ್ನ ತಾಣಗಳಲ್ಲಿ ಚಿತ್ರ, ವಿಡಿಯೊಗಳ ಡೌನ್‌ಲೋಡ್ ಹೊರೆ ಶೇ 50ರಷ್ಟು ಏರಿದೆ, ಅತಿ ದುಬಾರಿ ಸಂಚಾರದ ಶೇ 65 ಭಾಗ ಬಾಟ್‌ಗಳದ್ದೇ ಎಂದು ವಿಕಿಮೀಡಿಯ ಪ್ರತಿಷ್ಠಾನ 2025ರ ಏಪ್ರಿಲ್‌ನಲ್ಲಿ ತಿಳಿಸಿತು. ಎಐ ಮಾದರಿಗಳಿಗೆ ಪಠ್ಯ ಬಾಚುವವರ ಕೆಲಸ ಇದರಲ್ಲಿ ದೊಡ್ಡದು. ವಿಕಿಪೀಡಿಯದ ಪೂರ್ತಿ ಪಠ್ಯವನ್ನು ಒಟ್ಟಾಗಿ ಇಳಿಸಿಕೊಳ್ಳಲು ಪ್ರತಿಷ್ಠಾನವೇ ಕಡತ ಇಟ್ಟಿದೆ, ಕನ್ನಡದ್ದೂ ಇದೆ. ಹಾಗಿದ್ದೂ ಪುಟ ಪುಟವಾಗಿ ಎಳೆಯುವುದು ದೇಣಿಗೆಯಿಂದ ನಡೆಯುವ ಸಂಸ್ಥೆಗೆ ಮಾಡುವ ಅನ್ಯಾಯ.

ಸಂಶೋಧನೆಗೆಂದು ತಿಪಟೂರಿನ ಕೊಬ್ಬರಿ, ಶಿರಸಿಯ ಅಡಿಕೆ, ಬ್ಯಾಡಗಿಯ ಮೆಣಸಿನಕಾಯಿಯ ದಿನದ ದರಗಳನ್ನು ಸೇರಿಸಬೇಕೆಂದಿರುವ ವಿದ್ಯಾರ್ಥಿಗೆ ನನ್ನ ಸಲಹೆ ನೇರವಾದದ್ದು. ಪ್ರಾಕ್ಸಿ ಬೇಡ. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ ಮಂಡಿ ದರಗಳನ್ನು ಎಪಿಐ ಮೂಲಕವೇ ಕೊಡುತ್ತದೆ, ಮೊದಲು ಅಲ್ಲಿ ನೋಡಿ. ಅಲ್ಲಿಲ್ಲದ್ದನ್ನು ರಾಜ್ಯದ ಕೃಷಿ ಮಾರಾಟ ವಾಹಿನಿಯಂಥ ತಾಣದಿಂದ ಪಡೆಯುವುದಾದರೆ, ಬಾಟ್‌ಗಳು ಏನನ್ನು ಮುಟ್ಟಬಾರದೆಂದು ತಾಣ ಹೇಳುವ ರೋಬಾಟ್ಸ್ ಕಡತ ಓದಿ, ಕೋರಿಕೆಗಳ ನಡುವೆ ಕೆಲವು ಸೆಕೆಂಡ್ ಬಿಡುವು ಕೊಟ್ಟು, ಪ್ರೋಗ್ರಾಮ್‌ನ ಗುರುತಿನ ಸಾಲಿನಲ್ಲಿ ನಿಮ್ಮ ಇಮೇಲ್ ಬರೆದು, ರಾತ್ರಿಯ ಹೊತ್ತು ತೆಗೆದುಕೊಳ್ಳಿ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ನಿಂದ ದತ್ತಾಂಶ ಇಳಿಸಿಕೊಳ್ಳುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶ ಸೇರಿದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಉಂಟು. ಗುರುತು ಹೇಳಿಕೊಂಡು ಬಂದವರಿಗೂ ಸಾವಿರ ಮನೆಗಳ ಹಿಂದೆ ಅವಿತು ಬಂದವರಿಗೂ ಉದ್ದೇಶದ ಪ್ರಶ್ನೆ ಒಂದೇ ತೂಕದಲ್ಲಿ ಬರುವುದಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಈ ವಾರಾಂತ್ಯದಲ್ಲಿ ಮನೆಯ ಫೋನು, ಕಂಪ್ಯೂಟರ್‌ಗಳಲ್ಲಿ ಇರುವ ಉಚಿತ ವಿಪಿಎನ್‌ಗಳನ್ನೂ, ‘ನಿಮ್ಮ ಖಾಲಿ ಇಂಟರ್ನೆಟ್ ಹಂಚಿ ಹಣ ಗಳಿಸಿ’ ಎನ್ನುವ ಆ್ಯಪ್‌ಗಳನ್ನೂ ಒಮ್ಮೆ ಹುಡುಕಿ ನೋಡಿ. ಕಂಪ್ಯೂಟರ್‌ನಲ್ಲಿ ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್, ಪ್ಯಾಲಡಿನ್‌ವಿಪಿಎನ್, ಪ್ರಾಕ್ಸಿಗೇಟ್, ಶೀಲ್ಡ್‌ವಿಪಿಎನ್, ಶೈನ್‌ವಿಪಿಎನ್ ಇವುಗಳಲ್ಲಿ ಯಾವುದಿದ್ದರೂ ಕೂಡಲೇ ತೆಗೆದುಹಾಕಿ, ಅವು 911 ಎಸ್5 ಜಾಲದವು. ಹೆಸರಿಲ್ಲದ ಕಂಪನಿಯ ಟಿವಿ ಪೆಟ್ಟಿಗೆಯಲ್ಲಿ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಪ್ರಮಾಣೀಕರಣ ಇಲ್ಲವೆಂದು ಕಂಡರೆ ಅದನ್ನು ವೈಫೈನಿಂದ ಬಿಡಿಸಿ ಇಡಿ.